ಲಾಯ, ಗಜಶಾಲೆ, ಗಾಡಿಮನೆ

ದನಕ್ಕೆ ಕೊಟ್ಟಿಗೆ, ಕುರಿಗೆ ರೊಪ್ಪ, ಕೋಳಿಗೆ ಗೂಡು, ಕುದುರೆಗೆ ಲಾಯ, ಆನೆಗೆ ಗಜಶಾಲೆ. ಗಾಡಿ ನಿಲ್ಲಿಸೋ ಜಾಗಕ್ಕೆ ನಮ್ಮನೇಲಿ ಗಾಡಿಮನೆ ಅಂತೀವಿ. ಸಾಕಿದ ಒಂದೊಂದು ಪ್ರಾಣಿಗೂ ಬೇರೆ ಬೇರೆ ಮನೆ, ಬೇರೆ ಬೇರೆ ಹೆಸರು. ಆದ್ರೆ ಚರಿತ್ರೆ ಪುಸ್ತಕ ತೆಗೆದು ನೋಡಿ, ದೇವಸ್ಥಾನದ ಬಗ್ಗೆ ಇರುತ್ತೆ, ಅರಮನೆ ಬಗ್ಗೆ ಇರುತ್ತೆ, ಕೋಟೆ ಬಗ್ಗೆ ಇರುತ್ತೆ. ರಾಜ ಯಾವ ಕುದುರೆ ಮೇಲೆ ಕೂತು ಯುದ್ಧಕ್ಕೆ ಹೋದ ಅಂತಾನೂ ಇರುತ್ತೆ. ಆ ಕುದುರೆ ರಾತ್ರಿ ಎಲ್ಲಿ ಮಲಗ್ತಿತ್ತು, ಅದರ ಗಂಜಲ ಯಾವ ಕಡೆ ಹರಿದು ಹೋಗ್ತಿತ್ತು, ಮೇವು ಎಲ್ಲಿ ಇಡ್ತಿದ್ರು ಅಂತ ಯಾರೂ ಹೇಳಲ್ಲ. ಮೂವತ್ತು ವರ್ಷ ಕೊಟ್ಟಿಗೆ ಬಾಚಿದೋಳಿಗೆ ಮೊದಲು ಬರೋದು ಇದೇ ಪ್ರಶ್ನೆ ಕಣ್ರೀ. ಅದಕ್ಕೇ ಈ ಸಲ ಲಾಯದ ಬಗ್ಗೆ ಬರೀತಿದೀನಿ.

ನಮ್ಮ ಕಡೆ, ಅಂದ್ರೆ ಅಮ್ಮಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಈ ತೆಂಗಿನ ಸೀಮೇಲಿ ಲಾಯ ಕಮ್ಮಿ. ಇದು ಎತ್ತಿನ ಸೀಮೆ. ತುರು ಅಂದ್ರೆ ಹಳೇ ಕನ್ನಡದಲ್ಲಿ ದನ; ನಮ್ಮ ತಾಲ್ಲೂಕಿನ ಹೆಸರು ಕೇಳಿದಾಗಲೆಲ್ಲ ನಂಗೆ ಅದೇ ನೆನಪಾಗುತ್ತೆ. ಹಳ್ಳಿಕಾರ್, ಅಮೃತಮಹಲ್ ತಳಿಗಳು ನಮ್ಮ ಸುತ್ತಮುತ್ತಲಿನವೇ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673ರಿಂದ 1704ರವರೆಗೆ ಆಳಿದೋರು) ಅರಮನೆಗೆ ಹಾಲು ಬೆಣ್ಣೆ ಬರಲಿ ಅಂತ ದನ ಸಾಕೋ ಒಂದು ಇಲಾಖೇನೇ ಮಾಡಿದ್ರು, ಅದರ ಹೆಸರು ಬೆಣ್ಣೆ ಚಾವಡಿ. ಟಿಪ್ಪು ಸುಲ್ತಾನ್ ಕಾಲದಲ್ಲಿ ಅದೇ ಅಮೃತಮಹಲ್ ಆಯ್ತು. ಬೆಣ್ಣೆ ಹೆಸರು ಇಟ್ಕಂಡೇ ಆ ಎತ್ತುಗಳು ಫಿರಂಗಿ ಎಳೆದವು. ಹೈದರಾಲಿ ಚಿದಂಬರದ ಕಡೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದಿದ್ದು ಈ ಎತ್ತುಗಳ ಬಲದಿಂದ ಅಂತ ಹಳೇ ಮೈಸೂರು ಗೆಜೆಟಿಯರ್‌ನಲ್ಲಿ ಬರೆದವ್ರೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳೀಲಿ ಅಮೃತಮಹಲ್ ತಳಿ ಕೇಂದ್ರ ಇವತ್ತಿಗೂ ಐತೆ.

ಎತ್ತಿಗೆ ದೊಡ್ಡ ಕಟ್ಟಡ ಬೇಡ. ಬಯಲಲ್ಲಿ ಕಾವಲು ಇದ್ರೆ ಮೇಯುತ್ತೆ, ರಾತ್ರಿ ಒಂದು ಚಪ್ಪರ ಇದ್ರೆ ಸಾಕು. ಕುದುರೆ ಹಂಗಲ್ಲ. ಅದು ನಮ್ಮ ಹವಾಗುಣಕ್ಕೆ ಒಗ್ಗಿದ ಪ್ರಾಣಿ ಅಲ್ಲ. ದಕ್ಷಿಣದಲ್ಲಿ ಒಳ್ಳೆ ಕುದುರೆ ಹುಟ್ಟಿಸಿ ಬೆಳೆಸೋದು ಬಹಳ ಕಷ್ಟ ಆಗ್ತಿತ್ತು. ಅದಕ್ಕೇ ವಿಜಯನಗರದ ಅರಸರು ಸಮುದ್ರದಾಚೆ ಇಂದ ತರಿಸ್ತಿದ್ರು. ಹೊರ್ಮುಜ್‌ನಿಂದ ಹಡಗಲ್ಲಿ ಬಂದು ಭಟ್ಕಳ, ಗೋವಾ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಬರಬೇಕಿತ್ತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಈ ವ್ಯಾಪಾರ ಅವರ ಕೈಗೆ ಹೋಯ್ತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿರೋ ಪ್ರಕಾರ ರಾಜರು ವರ್ಷಕ್ಕೆ ಹೊರ್ಮುಜ್ ಕುದುರೆ, ನಾಡ ಕುದುರೆ ಎಲ್ಲ ಸೇರಿ 13,000 ಕೊಳ್ತಿದ್ರಂತೆ. ಸಾಳುವ ನರಸಿಂಹನ ಬಗ್ಗೆ ಅವನು ಹೇಳೋ ಮಾತು ಇನ್ನೂ ಸೋಜಿಗ. ಹಡಗಲ್ಲೇ ಸತ್ತ ಕುದುರೆಗೂ, ಬಾಲ ತಂದು ತೋರಿಸಿದ್ರೆ ಬದುಕಿದ ಕುದುರೆ ಬೆಲೆನೇ ಕೊಡ್ತಿದ್ದನಂತೆ. ವ್ಯಾಪಾರಿ ನಷ್ಟಕ್ಕೆ ಹೆದರಿ ಬರೋದು ನಿಲ್ಲಿಸಬಾರದು, ನೋಡಿ, ಅದು ಲೆಕ್ಕಾಚಾರ.

ಇಷ್ಟು ದುಡ್ಡು ಸುರಿದು ತಂದ ಪ್ರಾಣಿನ ಚಪ್ಪರದ ಕೆಳಗೆ ಕಟ್ಟಕ್ಕಾಗುತ್ತಾ? ಲಾಯ ಅನ್ನೋ ಕಟ್ಟಡ ಹುಟ್ಟೋದೇ ಇಲ್ಲಿಂದ. ನಮ್ಮಜ್ಜಿ ಚಿನ್ನದ ಒಡವೆನ ಮಣ್ಣಿನ ಗುಡಾಣದಲ್ಲಿ ಇಡ್ತಿರಲಿಲ್ಲ, ಹಂಗೇ ಇದು.

ಲಾಯ ಹೆಂಗಿರಬೇಕು ಅಂತ ನಮ್ಮ ದೇಶದಲ್ಲಿ ಬಹಳ ಹಿಂದೇನೇ ಬರೆದಿಟ್ಟವ್ರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಬರ್ತಾನೆ, ಕುದುರೆಗಳ ಉಸ್ತುವಾರಿ ಅವನದು. ಆ ಪುಸ್ತಕ ಲೋಕಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಲ್ಲೇ. ಓರಿಯಂಟಲ್ ಲೈಬ್ರರಿಗೆ ಬಂದಿದ್ದ ಓಲೆಗರಿನ ಆರ್. ಶಾಮಶಾಸ್ತ್ರಿಗಳು ಓದಿ, ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ರು. ಅದರಲ್ಲಿ ಲಾಯದ ವಿವರ ಓದಿದ್ರೆ ಯಾರೋ ದಿನಾ ಕಸ ಬಾಚಿದೋರೇ ಹೇಳಿ ಬರೆಸಿದಂಗೆ ಐತೆ. ಕುದುರೆ ಉದ್ದಕ್ಕೆ ಎರಡರಷ್ಟು ಅಗಲ ಲಾಯ ಇರಬೇಕು, ನಾಲ್ಕು ದಿಕ್ಕಿಗೂ ಬಾಗಿಲಿರಬೇಕು, ನಡುವೆ ಕುದುರೆ ಹೊರಳಾಡಕ್ಕೆ ಜಾಗ ಬೇಕು, ನಿಲ್ಲೋ ಕಡೆ ನುಣುಪಾದ ಹಲಗೆ ಹಾಸಿರಬೇಕು, ಮೇವಿಗೆ ಬೇರೆ ಜಾಗ, ಗಂಜಲ ಲದ್ದಿ ಹೋಗಕ್ಕೆ ದಾರಿ. ಜೊತೆಗೆ ಲಾಯದಲ್ಲಿ ಕೋತಿ, ನವಿಲು, ಜಿಂಕೆ, ಮುಂಗುಸಿ, ಗಿಳಿ, ಗೊರವಂಕ ಸಾಕಬೇಕು ಅಂತಾನೂ ಐತೆ. ಹಾವಿಗೆ ನವಿಲು ಮುಂಗುಸಿ ಸರಿ. ಕೋತಿ ಇದ್ರೆ ಕುದುರೆ ಕಾಯಿಲೆ ತಟ್ಟಲ್ಲ ಅನ್ನೋ ನಂಬಿಕೆ ಬಹಳ ಕಡೆ ಇತ್ತು.

ಈಗ ಹಂಪಿಗೆ ಹೋಗೋಣ. ಕಮಲ ಮಹಲ್ ಇರೋ ಜನಾನಾ ಆವರಣ ದಾಟಿ ಪೂರ್ವದ ಬಾಗಿಲಿಂದ ಆಚೆ ಬಂದ್ರೆ ಒಂದು ದೊಡ್ಡ ಬಯಲು, ಆ ಬಯಲಿನ ಅಂಚಿಗೆ ಉದ್ದಕ್ಕೆ ನಿಂತಿರೋ ಕಟ್ಟಡವೇ ಗಜಶಾಲೆ. ಹಂಪೀಲಿ ಕಟ್ಟಡಗಳ ಹೆಸರು ಬಹುಪಾಲು ಜನ ಆಮೇಲೆ ಇಟ್ಟವು, ಆದ್ರೆ ಈ ಕಟ್ಟಡದ ಬಾಗಿಲಿನ ಎತ್ತರ ಅಗಲ ನೋಡಿದ್ರೆ ಆನೆ ಬಿಟ್ಟು ಬೇರೆ ಯಾರಿಗೆ ಕಟ್ಟಿರ್ತಾರೆ ಅನ್ಸುತ್ತೆ. ಸಾಲಾಗಿ 11 ಕೋಣೆ, ಎಲ್ಲವೂ ಪಶ್ಚಿಮಕ್ಕೆ ಮುಖ. ನಡುವಿನ ಕೋಣೆ ಮೇಲೆ ಒಂದು ಮಂಟಪದಂಥ ಗೋಪುರ ಇತ್ತು, ಈಗ ಅರ್ಧ ಬಿದ್ದೋಗೈತೆ. ಅದರ ಎರಡೂ ಕಡೆ ಐದೈದು ಗುಮ್ಮಟ. ಎಲ್ಲ ಗುಮ್ಮಟ ಒಂದೇ ಥರ ಇಲ್ಲ. ಒಂದು ದುಂಡಗೆ, ಒಂದು ಮೂಲೆ ಮೂಲೆಯಾಗಿ, ಒಂದು ಪಟ್ಟೆ ಪಟ್ಟೆಯಾಗಿ. ಆದ್ರೆ ಎಡಗಡೆ ಹೆಂಗೋ ಬಲಗಡೆಯೂ ಹಂಗೇ, ಒಂದಕ್ಕೊಂದು ಜೋಡಿ. ಬಾಗಿಲಿಗೆ ರಂಗೋಲಿ ಹಾಕುವಾಗ ನಡುವೆ ಒಂದು ದೊಡ್ಡ ಹೂ ಬಿಟ್ಟು ಎರಡೂ ಕಡೆ ಜೋಡಿ ಜೋಡಿ ಬಿಡಿಸ್ತೀವಲ್ಲ, ಅದೇ ಲೆಕ್ಕ.

ಕಟ್ಟಿರೋ ರೀತಿ ನೋಡಿ. ಹಂಪಿ ದೇವಸ್ಥಾನಗಳ ಗರ್ಭಗುಡಿ, ಮಂಟಪ ಎಲ್ಲ ಕಡೆದ ಕಲ್ಲಿನ ಮೇಲೆ ಕಲ್ಲು, ಕಂಬದ ಮೇಲೆ ತೊಲೆ, ತೊಲೆ ಮೇಲೆ ಚಪ್ಪಡಿ. ಅಲ್ಲಿ ಗಾರೆಗೆ ಅಷ್ಟು ಕೆಲಸ ಇಲ್ಲ. ಗಜಶಾಲೆ ಆ ಥರ ಅಲ್ಲ. ಗೋಡೆ ಒರಟು ಕಲ್ಲು ಮತ್ತು ಗಾರೆ, ಮೇಲಿನ ಕೆಲಸಕ್ಕೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ ಮೆತ್ತಿ ನಯ ಮಾಡವ್ರೆ. ಕಮಾನು, ಗುಮ್ಮಟ ಬಹಮನಿ ಸುಲ್ತಾನರ ಕಡೆಯಿಂದ ಬಂದ ಕಲೆ. ನಡುವಿನ ಗೋಪುರದ ವಿನ್ಯಾಸ ನಮ್ಮ ದೇವಸ್ಥಾನದ್ದು. ಗಡಿಯಲ್ಲಿ ಯುದ್ಧ ನಡೀತಾನೇ ಇತ್ತು, ಈ ಕಡೆ ಮೇಸ್ತ್ರಿಗಳು ಒಬ್ಬರ ಕೆಲಸ ಒಬ್ಬರು ಕಲೀತಾನೇ ಇದ್ರು.

ಆನೆಗೆ ಗುಮ್ಮಟ ಯಾಕೆ ಬೇಕು ಅಂತ ಕೇಳಬಹುದು. ಕಲ್ಲು ಚಪ್ಪಡಿ ಹಾಕಿ ಮಾಳಿಗೆ ಮಾಡಿದ್ರೆ ಐದಾರು ಅಡಿಗೊಂದು ಕಂಬ ಬೇಕಾಗುತ್ತೆ. ಆನೆ ತಿರುಗುವಾಗ ಕಂಬ ಸಿಕ್ಕಿದ್ರೆ ಕಂಬಾನೂ ಉಳಿಯಲ್ಲ, ಮಾಳಿಗೇನೂ ಉಳಿಯಲ್ಲ. ಗುಮ್ಮಟಕ್ಕೆ ನಡುವೆ ಕಂಬ ಬೇಡ. ತೆಂಗಿನಕಾಯಿ ಒಡೆದು ಅರ್ಧ ಚಿಪ್ಪು ನೆಲದ ಮೇಲೆ ಬೋರಲು ಹಾಕಿ ಮೇಲೆ ಕಾಲಿಟ್ಟು ನೋಡಿ, ಸುಲಭಕ್ಕೆ ಒಡೆಯಲ್ಲ. ಭಾರ ಎಲ್ಲ ಅಂಚಿಗೆ ಇಳಿದು ಸುತ್ತಲೂ ಹಂಚಿಕೊಳ್ಳುತ್ತೆ. ಗುಮ್ಮಟವೂ ಹಂಗೇ. ಅಂಚು ಹೊರಕ್ಕೆ ಜಾರದಂಗೆ ಕೆಳಗಿನ ಗೋಡೆ ದಪ್ಪ ಇರಬೇಕು ಅಷ್ಟೆ. ಸಾಲಾಗಿ ಕಟ್ಟಿದ್ರೆ ಪಕ್ಕದ ಕೋಣೆ ಗೋಡೆ ಈ ಕೋಣೆಗೂ ಆಸರೆ. ಚೌಕದ ಕೋಣೆ ಮೇಲೆ ದುಂಡು ಗುಮ್ಮಟ ಕೂರಿಸೋದೇ ಕಷ್ಟದ ಕೆಲಸ. ನಾಲ್ಕು ಮೂಲೆಗೆ ಅಡ್ಡಲಾಗಿ ಸಣ್ಣ ಕಮಾನು ಕಟ್ಟಿದ್ರೆ ನಾಲ್ಕು ಮೂಲೆ ಹೋಗಿ ಎಂಟು ಮೂಲೆ ಆಗುತ್ತೆ, ಆಗ ದುಂಡಕ್ಕೆ ಹತ್ತಿರ ಬಂದಂಗೆ. ಇಲ್ಲಿ ಇಟ್ಟಿಗೆ ಅನುಕೂಲ. ಕಲ್ಲನ್ನ ಒಂದೊಂದಾಗಿ ಓರೆ ಕಡೀಬೇಕು. ಇಟ್ಟಿಗೆ ಚಿಕ್ಕದು, ಹಗುರ, ಗಾರೆಯಲ್ಲಿ ಸ್ವಲ್ಪ ಸ್ವಲ್ಪ ಓರೆ ಮಾಡ್ತಾ ಹೋದ್ರೆ ತಾನೇ ಬಾಗುತ್ತೆ. ಒಬ್ಬಟ್ಟಿನ ಕಣಕ ಬೆರಳಲ್ಲಿ ಒತ್ತಿ ಒತ್ತಿ ದುಂಡಗೆ ಮಾಡ್ತೀವಲ್ಲ, ಹಂಗೆ.

ಒಳಗಡೆ ಗುಮ್ಮಟದ ನಡುವೆ ಕೊಂಡಿ ಐತೆ, ಆನೆಗೆ ಕಟ್ಟೋ ಹಗ್ಗಕ್ಕೆ ಅಂತ ಹೇಳ್ತಾರೆ. ಕೋಣೆಯಿಂದ ಕೋಣೆಗೆ ಹೋಗಕ್ಕೆ ಒಳಗೋಡೇಲಿ ಸಣ್ಣ ಬಾಗಿಲುಗಳಿವೆ. ಅವು ಆನೆಗಲ್ಲ, ಮಾವುತನಿಗೆ. ಮುಂದೆ ಆನೆ ಅಡ್ಡ ನಿಂತಿದ್ರೆ ಮಾವುತ ಸೊಂಡಿಲು ಸವರಿಕೊಂಡು ಹೋಗೋ ಬದಲು ಪಕ್ಕದ ಕೋಣೆಯಿಂದ ಬರಬಹುದು. ನಂಗೆ ಇಡೀ ಕಟ್ಟಡದಲ್ಲಿ ಬಹಳ ಇಷ್ಟ ಆಗಿದ್ದು ಈ ಸಣ್ಣ ಬಾಗಿಲೇ. ಗುಮ್ಮಟ ರಾಜ ನೋಡಲಿ ಅಂತ ಕಟ್ಟಿದ್ದು. ಈ ಬಾಗಿಲು ಕೆಲಸ ಮಾಡೋನನ್ನ ನೆನೆದು ಇಟ್ಟಿದ್ದು.

ಅಲ್ಲೇ ಹತ್ತಿರ ಹಜಾರ ರಾಮ ದೇವಸ್ಥಾನದ ಪೌಳಿ ಗೋಡೆ ಹೊರಗಡೆ ಸಾಲು ಸಾಲು ಆನೆ, ಕುದುರೆ, ಕುದುರೆ ಹಿಡಿದ ಆಳುಗಳು, ಸೈನಿಕರು, ಕುಣಿಯೋ ಹೆಣ್ಣುಮಕ್ಕಳು. ಲಾಯದಲ್ಲಿದ್ದೋರೆಲ್ಲ ಗೋಡೆಗೆ ಬಂದು ನಿಂತಂಗೆ. 1565ರ ಜನವರಿಯಲ್ಲಿ ರಕ್ಕಸ ತಂಗಡಿ ಯುದ್ಧ ಸೋತ ಮೇಲೆ ಊರು ಸುಟ್ಟರು, ಒಡೆದರು. ಮರದಲ್ಲಿ ಕಟ್ಟಿದ್ದ ಅರಮನೆಗಳು ಉಳಿಯಲಿಲ್ಲ, ಈಗ ಬರೀ ಕಲ್ಲಿನ ಜಗಲಿ ಕಾಣುತ್ತೆ. ರಾಜ ಮಲಗಿದ್ದ ಮನೆ ಹೋಯ್ತು, ಆನೆ ಮಲಗಿದ್ದ ಮನೆ ಗಾರೆ ಇಟ್ಟಿಗೆ ಬಲದಿಂದ ನಿಂತೈತೆ. 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಹಂಪಿ ದೂರ ಆಯ್ತು ಅನ್ನೋರಿಗೆ ನಮ್ಮ ಜಿಲ್ಲೇಲೇ ಕುಣಿಗಲ್ ಐತೆ. ಕುಣಿಗಲ್ ಸ್ಟಡ್ ಫಾರ್ಮ್ ಹೈದರಾಲಿ, ಟಿಪ್ಪು ಕಾಲದಿಂದ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಅಂತಾನೇ ಹೆಸರು. 400 ಎಕರೆಗೂ ಮೇಲೆ. ನೂನಿಜ್ ಕಾಲದಲ್ಲಿ ಬಾಲ ತೋರಿಸಿ ದುಡ್ಡು ಇಸ್ಕೊಳ್ತಿದ್ದ ವ್ಯಾಪಾರ ನೆನೆಸಿಕೊಂಡ್ರೆ, ಇಲ್ಲೇ ಕುದುರೆ ಹುಟ್ಟಿಸೋದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಕುದುರೆ ಸಾಕೋದು ನಿಲ್ಲಲಿಲ್ಲ. ಆಮೇಲೆ ರೇಸ್ ಕುದುರೆಗೆ ಹೆಸರಾಯ್ತು, 1990ರ ದಶಕದ ಮೊದಲಲ್ಲಿ ಸರ್ಕಾರ ಖಾಸಗಿಯವರಿಗೆ ಗುತ್ತಿಗೆ ಕೊಡ್ತು. ಇತ್ತೀಚೆಗೆ ಆ ಜಾಗದಲ್ಲಿ ಟೌನ್‌ಶಿಪ್ ಮಾಡಬೇಕು ಅನ್ನೋ ಮಾತು ಬಂತು, ಬೇಡ ಅಂತ ಕುಣಿಗಲ್ ಕಡೆಯೋರು ದನಿ ಎತ್ತಿದ್ರು.

ಮೈಸೂರಿನ ಕುದುರೆ ದಳ ಹೊರದೇಶಕ್ಕೂ ಹೋಗಿ ಬಂದೈತೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಲ್ಯಾನ್ಸರ್ಸ್ ಸೇರಿ ಹೈಫಾ ಪಟ್ಟಣ ಗೆದ್ರು. ಮೆಷಿನ್ ಗನ್ ಎದುರಿಗೆ ಭರ್ಜಿ ಹಿಡಿದು ಕುದುರೆ ಓಡಿಸಿದ್ದು. ದೆಹಲಿಯ ತೀನ್ ಮೂರ್ತಿ ಅಂತೀವಲ್ಲ, ಆ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಹೆಸರಲ್ಲಿ ನಿಂತಿರೋದು. ಲ್ಯಾನ್ಸರ್ಸ್ ಹೋದ ಮೇಲೆ ಮೈಸೂರಲ್ಲಿ ಪೊಲೀಸ್ ಅಶ್ವಾರೋಹಿ ದಳ 1951ರಲ್ಲಿ ಶುರುವಾಯ್ತು. ದಸರಾ ಮೆರವಣಿಗೇಲಿ ನಾವು ನೋಡೋ ಕುದುರೆಗಳು ಆ ದಳದವು.

ಬ್ರಿಟಿಷರು ಬಂದ ಮೇಲೆ ಲಾಯದ ನಕ್ಷೇನೂ ಬದಲಾಯ್ತು. ಅವರ ದೇಶದಲ್ಲಿ ದೊಡ್ಡ ಮನೆ ಅಂದ್ರೆ ಹಿಂದುಗಡೆ ಇಟ್ಟಿಗೆಯ ಒಂದು ಕಟ್ಟಡ ಇರಲೇಬೇಕು: ಒಂದು ಕಡೆ ಕುದುರೆ ಲಾಯ, ಇನ್ನೊಂದು ಕಡೆ ಸಾರೋಟು ನಿಲ್ಲಿಸೋ ಗಾಡಿಖಾನೆ, ಮೇಲೆ ಅಟ್ಟದಲ್ಲಿ ಹುಲ್ಲು, ಪಕ್ಕದಲ್ಲಿ ಸಾರೋಟು ಹೊಡೆಯೋನಿಗೆ ಒಂದು ಕೋಣೆ. ಇದರಲ್ಲಿ ಒಂದೊಂದಕ್ಕೂ ಕಾರಣ ಐತೆ. ಒದ್ದೆ ನೆಲದಲ್ಲಿ ನಿಂತ್ರೆ ಕುದುರೆ ಗೊರಸು ಕೊಳೆಯುತ್ತೆ, ಅದಕ್ಕೆ ಗಟ್ಟಿ ಇಟ್ಟಿಗೆ ನೆಲಕ್ಕೆ ಹಾಸಿ, ಗೀರು ಹಾಕಿ, ಇಳಿಜಾರು ಕೊಟ್ಟು ಮೋರಿಗೆ ಬಿಡೋರು. ಗಂಜಲದ ಘಾಟು ಕುದುರೆ ಎದೆಗೆ ಕೆಟ್ಟದ್ದು, ಅದಕ್ಕೆ ಸೂರಿನ ತುದೀಲಿ ಗಾಳಿ ಹೋಗೋ ಗೂಡು; ಕಿಟಕಿ ಮಾತ್ರ ಎತ್ತರದಲ್ಲಿ, ತಣ್ಣನೆ ಗಾಳಿ ನೇರ ಮೈಗೆ ಹೊಡೀಬಾರದು. ಹುಲ್ಲು ಅಟ್ಟದಲ್ಲಿಟ್ಟು ಒಂದು ಕಿಂಡೀಲಿ ಕೆಳಗಿನ ಗೋದಲಿಗೆ ತಳ್ಳಿದ್ರೆ ಹೊರೋ ಕೆಲಸ ಉಳಿಯುತ್ತೆ. ಸಾರೋಟಿನ ಬಣ್ಣ, ತೊಗಲು ಆ ಘಾಟಿಗೆ ಕೆಡುತ್ತೆ ಅಂತ ಲಾಯಕ್ಕೂ ಗಾಡಿಖಾನೆಗೂ ನಡುವೆ ಪೂರ್ತಿ ಗೋಡೆ. ಗಾಡಿಖಾನೆಗೆ ಅಗಲ ಬಾಗಿಲು, ಎರಡು ರೆಕ್ಕೆ. ಇಟ್ಟಿಗೆ ಗೋಡೆ ಬೆಂಕಿಗೆ ಹೆದರಲ್ಲ, ವರ್ಷಕ್ಕೊಂದು ಸಲ ಸುಣ್ಣ ಬಳಿದ್ರೆ ಹುಳ ಹುಪ್ಪಟೆ ಸೇರಲ್ಲ.

ಬೆಂಗಳೂರು ದಂಡು ಪ್ರದೇಶದ ಹಳೇ ಬಂಗಲೆಗಳ ಹಿತ್ತಲಲ್ಲಿ ಇಂಥ ಲಾಯಗಳು ಬಂದವು. 1865ರಲ್ಲಿ ಬಾಸೆಲ್ ಮಿಶನ್‌ನೋರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಸೂರಿಗೂ ಹೊಸ ಹೆಂಚು ಸಿಕ್ಕಿತು. ಮೋಟಾರು ಬಂದಾಗ ಮೊದಲು ನಿಂತಿದ್ದು ಈ ಗಾಡಿಖಾನೆಗಳಲ್ಲೇ. ಬಾಗಿಲು ಅಗಲ ಇತ್ತಲ್ಲ, ಕಾರು ಸಲೀಸಾಗಿ ಹೋಯ್ತು. ಲಾಯದ ಕೋಣೆಗಳು ಆಳುಗಳ ಮನೆ ಆದವು. ಆಮೇಲೆ ಬಂಗಲೇನೇ ಹೋಗಿ ಅಪಾರ್ಟ್‌ಮೆಂಟ್ ಬಂದ್ವು.

ನಮ್ಮ ಸೀಮೆಗೆ 1880ರ ದಶಕದಲ್ಲಿ ರೈಲು ಬಂತು. ಬೆಂಗಳೂರು, ತುಮಕೂರು ಕಡೆಯಿಂದ ಅರಸೀಕೆರೆ, ಹರಿಹರದ ಕಡೆಗೆ. ದೂರದ ದಾರಿ ರೈಲು ತಗೊಂಡ್ತು, ಸ್ಟೇಷನ್ನಿಂದ ಊರಿಗೆ ಹೋಗೋ ದಾರಿ ಜಟಕಾಕ್ಕೂ ಎತ್ತಿನ ಗಾಡಿಗೂ ಉಳೀತು. ನಾವು ಚಿಕ್ಕೋರಿದ್ದಾಗ ಜಟಕಾದೋರು ಕುದುರೆಗೆ ಹುರುಳಿ ಬೇಯಿಸಿ ಹಾಕೋದು ನೋಡಿದೀವಿ. ಇಂಗ್ಲಿಷಲ್ಲಿ ಹುರುಳಿಗೆ ಕುದುರೆ ಕಾಳು ಅನ್ನೋ ಅರ್ಥದ ಹೆಸರು. ಕಾಳು ಕುದುರೆಗೆ, ಕಟ್ಟು ಮನೆಗೆ. ಹುರುಳಿಕಟ್ಟಿನ ಸಾರು ಉಣ್ಣುವಾಗ ನಾವೂ ಲಾಯದ ಪಾಲುದಾರರೇ ಬುಡಿ.

ಈಗ ನಮ್ಮ ಗಾಡಿಮನೆ ವಿಷಯ. ನಮ್ಮ ಮಾವನೋರ ತಂದೆ ಕಟ್ಟಿಸಿದ್ದು. ತೋಟದ ಮನೆ ಪಕ್ಕ ಉದ್ದಕ್ಕೆ ಒಂದೇ ಸೂರು. ಒಂದು ಕಡೆ ಎತ್ತಿನ ಕೊಟ್ಟಿಗೆ, ಇನ್ನೊಂದು ಕಡೆ ಕಮಾನು ಗಾಡಿ ನಿಲ್ಲಿಸೋ ಕೋಣೆ, ನಡುವೆ ಸೂರಿನವರೆಗೂ ಗೋಡೆ. ಮೇಲೆ ಅಟ್ಟ, ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿ ಹೆಂಗೆ ಆಗುತ್ತೆ ಅಂತ ಗೊತ್ತಲ್ಲ, ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು ಒಳಗಿನ ನೀರು ತಾನೇ ಆರಬೇಕು. ಕೆಳಗೆ ಬೆಚ್ಚಗಿರಬೇಕು, ಗಾಳಿ ಆಡಬೇಕು. ಇಂಗ್ಲೆಂಡಿನಲ್ಲಿ ಹುಲ್ಲಿಟ್ಟ ಕಡೆ ನಾವು ಕಾಯಿ ಇಟ್ಟಿದೀವಿ, ಕುದುರೆ ನಿಂತ ಕಡೆ ಎತ್ತು, ಸಾರೋಟಿನ ಕಡೆ ಕಮಾನು ಗಾಡಿ. ನಕ್ಷೆ ಅದೇ. ಕಟ್ಟಿದ ಮೇಸ್ತ್ರಿ ಇಂಗ್ಲೆಂಡ್ ನೋಡಿರಲಿಕ್ಕಿಲ್ಲ. ಪ್ರಾಣಿ, ಗಾಡಿ, ಮೇವು ಮೂರೂ ಒಂದೇ ಸೂರಿನ ಕೆಳಗೆ ಇರಬೇಕು ಅಂದ್ರೆ ಯಾವ ಊರಲ್ಲಾದ್ರೂ ಲೆಕ್ಕ ಇದೇ ಆಗುತ್ತೆ.

ಗೋಡೆ ತೆಳ್ಳನೆ ನಾಡ ಇಟ್ಟಿಗೆಯದು, ಗಾರೆಯಲ್ಲಿ ಕಟ್ಟಿದ್ದು. ಗಾರೆ ಅಂದ್ರೆ ಈಗಿನ ಮಕ್ಕಳಿಗೆ ಸಿಮೆಂಟ್. ಸಿಮೆಂಟ್ ಕೆಲಸದೋರನ್ನೂ ಗಾರೆ ಕೆಲಸದೋರು ಅಂತಾನೇ ಕರೀತೀವಿ, ಹೆಸರು ಉಳೀತು, ಸುಣ್ಣ ಹೋಯ್ತು. ಹಳೇ ಗಾರೆಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಬೆರೆಸಿ, ದುಂಡನೆ ಕಲ್ಲುಗುಂಡಿಯಲ್ಲಿ ಹಾಕಿ, ಎತ್ತು ಕಟ್ಟಿ ಕಲ್ಲಿನ ಚಕ್ರದಲ್ಲಿ ಅರೆಯೋರು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕೋರು. ಅದು ಗಾಳಿ ಕುಡಿದು ನಿಧಾನಕ್ಕೆ ಗಟ್ಟಿ ಆಗುತ್ತೆ, ವರ್ಷಗಟ್ಟಲೆ ಆಗ್ತಾನೇ ಇರುತ್ತೆ.

ನಮ್ಮೂರು ಸಿಮೆಂಟಿನ ಊರು. ಮೈಸೂರು ಸಿಮೆಂಟ್ಸ್ ಕಾರ್ಖಾನೆ ಇಲ್ಲಿ ಬಂದ ಮೇಲೆ ಅಮ್ಮಸಂದ್ರ ಅಂದ್ರೆ ಸಿಮೆಂಟ್ ಅನ್ನಂಗಾಯ್ತು. ನೂರಾರು ಮನೆ ಅದರಲ್ಲಿ ಉಂಡವೆ, ಅದನ್ನ ನಾನು ಆಡಿಕೊಳ್ಳಲ್ಲ. ಆದ್ರೆ ಹಳೇ ಸುಣ್ಣದ ಗೋಡೆಗೂ ಸಿಮೆಂಟಿಗೂ ಆಗಿ ಬರಲ್ಲ. ಏಳೆಂಟು ವರ್ಷದ ಹಿಂದೆ ಒಬ್ಬ ಮೇಸ್ತ್ರಿ ಗಾಡಿಮನೆ ಗೋಡೆಯ ಬುಡಕ್ಕೆ, ಮಂಡಿ ಎತ್ತರಕ್ಕೆ, ಸಿಮೆಂಟ್ ಮೆತ್ತಿ ಹೋದ. ನೋಡಕ್ಕೆ ಚೆನ್ನಾಗಿತ್ತು. ನೆಲದಿಂದ ಏರೋ ತೇವ ಸುಣ್ಣದ ಮೂಲಕ ಆಚೆ ಹೋಗಿ ಆರ್ತಿತ್ತು, ಸಿಮೆಂಟ್ ಅದನ್ನ ಒಳಗೇ ಕಟ್ಟಿಹಾಕ್ತು. ತೇವ ಇನ್ನೂ ಮೇಲಕ್ಕೆ ಹತ್ತಿ, ಸಿಮೆಂಟ್ ಮುಗಿದ ಕಡೆ ಉಪ್ಪು ಬಿಟ್ಟು, ಇಟ್ಟಿಗೆ ಪುಡಿ ಪುಡಿ ಉದುರಕ್ಕೆ ಶುರುವಾಯ್ತು. ಬೆರಳಲ್ಲಿ ಕೆರೆದ್ರೆ ಕುಂಕುಮದಂಗೆ ಬರುತ್ತೆ.

ಎತ್ತು ಮಾರಿ ಹದಿನೈದು ವರ್ಷ ಆಯ್ತು. ಈ ಯುಗಾದಿಗೆ ಬೆಂಗಳೂರಿಂದ ಬಂದ ಮಗ ಗೋಡೆ ನೋಡಿ, "ಅಮ್ಮ, ಇದು ಇನ್ನು ನಿಲ್ಲಲ್ಲ. ಜೆಸಿಬಿ ತರಿಸಿದ್ರೆ ಅರ್ಧ ದಿನದ ಕೆಲಸ. ಕಾರಿಗೆ ಒಂದು ಶೀಟ್ ಶೆಡ್ ಹಾಕಿಸ್ತೀನಿ" ಅಂದ. ನಮ್ಮನೆಯೋರು ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ರೆ ಅದು ಒಪ್ಪಿಗೇನೂ ಅಲ್ಲ, ಬೇಡ ಅನ್ನೋದೂ ಅಲ್ಲ. ಅವರಪ್ಪ ಆಸ್ಪತ್ರೆಗೆ ಹೋಗಿದ್ದು ಆ ಕಮಾನು ಗಾಡೀಲೇ, ಮತ್ತೆ ಮನೆಗೆ ಬರಲಿಲ್ಲ.

ಭಾವನೆ ಮಾತಾಡಿದ್ರೆ ಮಗ ಕೇಳಲ್ಲ, ಅವನು ಲೆಕ್ಕದ ಮನುಷ್ಯ. ನಾನು ದಾರ ತಗೊಂಡು ಬಾಗಿಲು ಅಳೆದೆ. ಎಂಟು ಅಡಿ ಅಗಲ. ಕಾರು ಅಳೆದೆ, ಕನ್ನಡಿ ಬಿಟ್ಟು ಆರಡಿಗೂ ಕಮ್ಮಿ. ಒಳಗಿನ ಉದ್ದ, ಮೂಕಿ ಚಾಚಿದ ಗಾಡಿ ಹಿಡಿಯೋ ಜಾಗ, ಕಾರು ಹಿಡಿದು ಇನ್ನೂ ಎರಡು ಚೀಲ ಹಿಂಡಿ ಇಡಬಹುದು. ಆಮೇಲೆ ಅವನಿಗೆ ಕೇಳಿದೆ, "ಶೀಟ್ ಶೆಡ್ಡಿನ ಅಟ್ಟದ ಮೇಲೆ ಕಾಯಿ ಎಲ್ಲಿಡ್ತೀಯಪ್ಪ? ಏಪ್ರಿಲ್ ಬಿಸಿಲಲ್ಲಿ ಶೀಟ್ ಕೆಳಗೆ ಕಾಯಿ ಸೀಳುತ್ತೋ ಇಲ್ವೋ ನೀನೇ ಹೇಳು." ಅವನು ನಕ್ಕ. "ಆಯ್ತು, ಒಂದು ಸಲ ಗೋಡೆ ತೋರಿಸೋಣ" ಅಂದ.

ದೇವಸ್ಥಾನದ ಹಳೇ ಕೆಲಸ ಮಾಡಿ ಗೊತ್ತಿರೋ ಒಬ್ಬ ವಯಸ್ಸಾದ ಮೇಸ್ತ್ರಿನ ಕರೆಸಿದ್ವಿ. ಅವರು ಗೋಡೆಗೆ ಕಿವಿಕೊಟ್ಟು ಬೆರಳಲ್ಲಿ ತಟ್ಟಿ ತಟ್ಟಿ ನೋಡಿದ್ರು, ಹಲಸಿನ ಹಣ್ಣು ನೋಡ್ತಾರಲ್ಲ, ಹಂಗೆ. "ತಾಯಿ, ಸಿಮೆಂಟ್ ಕಿತ್ತು ಗೋಡೆ ಒಂದು ಬೇಸಿಗೆ ಆರಕ್ಕೆ ಬಿಡಿ. ಸತ್ತ ಇಟ್ಟಿಗೆ ಮಾತ್ರ ತೆಗೆದು ಬೇರೆ ಕೂರಿಸ್ತೀನಿ. ಸುಣ್ಣದಲ್ಲೇ ಕಟ್ಟಬೇಕು. ಮಳೆಗಾಲಕ್ಕೆ ಮುಂಚೆ ಸೂರಿನ ನೀರು ಬುಡಕ್ಕೆ ಬೀಳದಂಗೆ ನೋಡ್ಕಳಿ" ಅಂದ್ರು. ಅವರು ಹೇಳಿದ ಖರ್ಚು ಶೀಟ್ ಶೆಡ್ಡಿಗಿಂತ ಸ್ವಲ್ಪ ಜಾಸ್ತೀನೇ. ಅದನ್ನ ಮುಚ್ಚಿಡಲ್ಲ. ಅರ್ಧ ಈ ಸಲದ ಕೊಬ್ಬರಿ ದುಡ್ಡಲ್ಲಿ, ಅರ್ಧ ಮಗ ಕೊಡ್ತೀನಿ ಅಂದವ್ನೆ. ಸಿಮೆಂಟ್ ಕಿತ್ತಾಯ್ತು. ಗೋಡೆ ಈಗ ಆರ್ತಾ ಐತೆ. ಪೂರ್ತಿ ಉಳಿಯುತ್ತೋ ಇಲ್ವೋ ಮುಂದಿನ ಮಳೆಗಾಲ ಹೇಳುತ್ತೆ.

ಗಜಶಾಲೆಗೆ ಕಾವಲು ಐತೆ, ಟಿಕೆಟ್ ಐತೆ, ನೋಡಕ್ಕೆ ಜನ ಬರ್ತಾರೆ. ಕುಣಿಗಲ್ಲಿಗೆ ದನಿ ಎತ್ತೋ ಊರು ಐತೆ. ನಮ್ಮ ನಿಮ್ಮ ಹಿತ್ತಲಲ್ಲಿರೋ ಕೊಟ್ಟಿಗೆ, ಗಾಡಿಮನೆ, ಜಟಕಾ ನಿಲ್ಲಿಸ್ತಿದ್ದ ಮಾಡು ಯಾವ ಪಟ್ಟೀಲೂ ಇಲ್ಲ. ಎಲ್ಲಾನೂ ಉಳಿಸಕ್ಕಾಗಲ್ಲ, ಅದು ನಂಗೂ ಗೊತ್ತು. ಕೆಡವಲೇಬೇಕಾದ್ರೆ ಕೆಡವೋ ಮುಂಚೆ ಒಂದು ದಾರ ಹಿಡಿದು ಉದ್ದ ಅಗಲ ಅಳೆದು ಬರೆದಿಡಿ, ಬಾಗಿಲು ಯಾವ ದಿಕ್ಕು, ಇಟ್ಟಿಗೆ ಎಷ್ಟು ದಪ್ಪ, ಅಟ್ಟದ ಕಿಂಡಿ ಎಲ್ಲಿ, ಗಂಜಲ ಯಾವ ಕಡೆ ಹರೀತಿತ್ತು ಅಂತ. ಮೊಬೈಲಲ್ಲಿ ನಾಲ್ಕು ಫೋಟೋ ಒಳಗಡೆಯಿಂದ ತೆಗೀರಿ, ಹೊರಗಡೆಯಿಂದ ಎಲ್ಲರೂ ತೆಗೀತಾರೆ. ಮನೇಲಿ ಹಿರಿಯರಿದ್ರೆ ಅಲ್ಲಿ ಯಾವ ಎತ್ತು ಯಾವ ಗೂಟಕ್ಕೆ ಕಟ್ತಿದ್ರು ಅಂತ ಕೇಳಿ, ಹೆಸರು ಸಮೇತ ಹೇಳ್ತಾರೆ. ನಮ್ಮನೆಯೋರು ಮೊನ್ನೆ ಹೇಳಿದ್ರು: ಬಾಗಿಲ ಕಡೆ ಗೂಟ ರಾಮಂದು, ಗೋಡೆ ಕಡೇದು ಭೀಮಂದು. ಬರೆದಿಟ್ಟಿದೀನಿ.